ಬಂಗಾರ ಭಂಗಾರವಾಗುವ ಹೊತ್ತು

ಬಂಗಾರಕ್ಕೂ ಭಂಗಾರಕ್ಕೂ ನಡುವೆ ಇರುವುದು ಒಂದೇ ಒಂದು ಮಹಾಪ್ರಾಣ. ಬೆಂಗಳೂರು, ಮೈಸೂರಿನ ಕಡೆಯವರು ಗುಜರಿ ಎನ್ನುವುದನ್ನು ಕೃಷ್ಣಾ ತೀರದ ಗಡಿಸೀಮೆಯ ಊರುಗಳಲ್ಲಿ ಮರಾಠಿಯಿಂದ ಬಂದ 'ಭಂಗಾರ' ಎಂಬ ಮಾತಿನಿಂದ ಕರೆಯುತ್ತಾರೆ. ಮುರಿದದ್ದು ಎಂಬ ಅರ್ಥದ 'ಮೋಡಕಾ' ಎಂಬ ಮಾತೂ ಉತ್ತರ ಕರ್ನಾಟಕದ ಬಜಾರುಗಳಲ್ಲಿ ಉಂಟು. ಕುಂಕುಮ ಹಚ್ಚಿ, ಗಾಲಿಗೆ ನಿಂಬೆಹಣ್ಣು ಇಟ್ಟು ಮನೆಗೆ ತಂದ ಕಾರು, ಪ್ರತಿ ಖಂಡೇನವಮಿಗೂ ಚೆಂಡುಹೂವಿನ ಮಾಲೆ ತೊಟ್ಟ ಕಾರು, ಒಂದು ದಿನ ದುರಸ್ತಿಯ ಖರ್ಚಿಗೂ ಬಾಳದಂತಾಗುತ್ತದೆ. ಆಗ ಅದನ್ನು ಏನು ಮಾಡಬೇಕು?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಸುತ್ತಿನ ಊರುಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ಎರಡು ಉತ್ತರಗಳಿವೆ. ಒಂದು, ಬೇವಿನ ಮರದ ಕೆಳಗೆ ನಿಲ್ಲಿಸಿ ಮರೆತುಬಿಡುವುದು. ಎರಡು, ಭಂಗಾರದವನಿಗೆ ಕೊಟ್ಟು ಕೈತೊಳೆದುಕೊಳ್ಳುವುದು. ಮೊದಲನೆಯದರಲ್ಲಿ ಕಾರು ತುಕ್ಕು ಹಿಡಿಯುತ್ತದೆ, ಎರಡನೆಯದರಲ್ಲಿ ಮಾಯವಾಗುತ್ತದೆ. ಆದರೆ ಎರಡರಲ್ಲೂ ಒಂದು ಸಂಗತಿ ಹಾಗೆಯೇ ಉಳಿದಿರುತ್ತದೆ. ಸಾರಿಗೆ ಇಲಾಖೆಯ ಪುಸ್ತಕದಲ್ಲಿ ಆ ಗಾಡಿ ಇನ್ನೂ ಜೀವಂತವಾಗಿದೆ, ಅದರ ಒಡೆಯನ ಹೆಸರೂ ಅಲ್ಲಿಯೇ ಇದೆ. ಗಾಡಿಯನ್ನು ಬಿಚ್ಚುವ ವಿದ್ಯೆಯನ್ನು ನಾವು ಮೂರು ತಲೆಮಾರುಗಳಿಂದ ಚೆನ್ನಾಗಿ ಕಲಿತಿದ್ದೇವೆ. ಅದರ ಹೆಸರನ್ನು ಅಳಿಸುವ ಕ್ರಮವನ್ನು ಮಾತ್ರ ರೂಢಿಸಿಕೊಂಡಿಲ್ಲ. ಇದಕ್ಕೆ ಕಾರಣ ಹುಡುಕಿದರೆ ನಮ್ಮ ಮೋಟಾರು ಯುಗದ ಇತಿಹಾಸವೇ ಎದುರಾಗುತ್ತದೆ.

ನಾಲ್ಕು ಊರು, ನಾಲ್ಕು ಆಡಳಿತ

ಈಗ ಬಾಗಲಕೋಟೆ ಜಿಲ್ಲೆಯ ತಾಲ್ಲೂಕು ಕೇಂದ್ರಗಳಾಗಿರುವ ಈ ಊರುಗಳು ಮೋಟಾರು ಗಾಡಿಗಳು ಬಂದ ಕಾಲದಲ್ಲಿ ಒಬ್ಬರ ಆಳ್ವಿಕೆಯಲ್ಲಿ ಇರಲಿಲ್ಲ. ಜಮಖಂಡಿ ಪಟವರ್ಧನರ ಸಂಸ್ಥಾನ, ಬನಹಟ್ಟಿ ಅದಕ್ಕೆ ಸೇರಿದ್ದ ಊರು. ಮುಧೋಳ ಘೋರ್ಪಡೆಯವರದು. ಬನಹಟ್ಟಿಯ ಮಗ್ಗುಲಲ್ಲೇ ಇರುವ ರಬಕವಿ ಸಾಂಗಲಿ ಸಂಸ್ಥಾನದ್ದು. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯ ಭಾಗ. ಒಂದು ದಿನದ ಪಯಣದಲ್ಲಿ ಗಾಡಿಯೊಂದು ನಾಲ್ಕು ಆಡಳಿತಗಳ ಗಡಿ ದಾಟುತ್ತಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ. ಬ್ರಿಟಿಷ್ ಇಂಡಿಯಾಕ್ಕೆಂದು 1914ರಲ್ಲಿ ಮೋಟಾರು ವಾಹನ ಕಾಯ್ದೆ ಬಂದಿತು, 1939ರಲ್ಲಿ ಅದಕ್ಕಿಂತ ವಿಸ್ತಾರವಾದ ಇನ್ನೊಂದು ಕಾಯ್ದೆ ಬಂದಿತು. ಸಂಸ್ಥಾನಗಳಲ್ಲಿ ಮಾತ್ರ ಅರಸರ ಅಪ್ಪಣೆಯೇ ಕಾನೂನು.

ಈ ಸೀಮೆಗೆ ರೈಲು ಬರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಗದಗ-ಸೊಲ್ಲಾಪುರ ಮಾರ್ಗ ಬಾಗಲಕೋಟೆಯನ್ನು ಮುಟ್ಟಿ ಹೋಯಿತು, ಪುಣೆಯ ಮಾರ್ಗ ಕುಡಚಿಯನ್ನು ಮುಟ್ಟಿ ಹೋಯಿತು. ನಡುವಣ ಊರುಗಳು ರಸ್ತೆಯನ್ನೇ ನೆಚ್ಚಿಕೊಂಡು ಬದುಕಿದವು. 2010-11ರಲ್ಲಿ ಮಂಜೂರಾದ ಬಾಗಲಕೋಟೆ-ಕುಡಚಿ ಮಾರ್ಗ ಇನ್ನೂ ಪೂರ್ಣಗೊಳ್ಳಬೇಕಾಗಿದೆ. ಹೀಗಾಗಿ ಬಸ್ಸು, ಜೀಪು, ಟ್ರ್ಯಾಕ್ಸು, ಟಂಟಂಗಳಿಗೆ ಇಲ್ಲಿ ಇರುವ ಮಹತ್ವ ರೈಲು ಕಂಡ ಊರಿನವರಿಗೆ ಸುಲಭವಾಗಿ ಅರ್ಥವಾಗುವಂಥದಲ್ಲ. ಇಲ್ಲಿ ಗಾಡಿಯೆಂದರೆ ಆಸ್ಪತ್ರೆಗೆ ಹೋಗುವ ದಾರಿ, ಸಂತೆಗೆ ಹೋಗುವ ದಾರಿ, ಮದುವೆಗೆ ಹೋಗುವ ದಾರಿ. ಅಂಥ ಗಾಡಿಯನ್ನು ಬೇಗ ಬಿಟ್ಟುಕೊಡಲು ಯಾರಿಗೂ ಮನಸ್ಸು ಬಾರದು.

1948ರ ಮಾರ್ಚ್ 8ರಂದು ಜಮಖಂಡಿ ಮತ್ತು ಮುಧೋಳ ಸಂಸ್ಥಾನಗಳು ಮುಂಬಯಿ ಪ್ರಾಂತ್ಯದಲ್ಲಿ ವಿಲೀನಗೊಂಡವು. ಮುಂದೆ ಮೈಸೂರಿನ ಮುಖ್ಯಮಂತ್ರಿಯೂ ದೇಶದ ಉಪರಾಷ್ಟ್ರಪತಿಯೂ ಆದ ಸಾವಳಗಿಯ ಬಿ.ಡಿ. ಜತ್ತಿಯವರು ವಿಲೀನಕ್ಕೆ ಮುನ್ನ ಜಮಖಂಡಿ ಸಂಸ್ಥಾನದಲ್ಲಿ ಮಂತ್ರಿಯೂ ನಂತರ ಮುಖ್ಯಮಂತ್ರಿಯೂ ಆಗಿದ್ದವರು. ವಿಲೀನದ ಕಾಲದಲ್ಲಿ ದೇಶದ ಎಲ್ಲ ಸಂಸ್ಥಾನಗಳಲ್ಲೂ ಒಂದು ಪ್ರಶ್ನೆ ಎದ್ದಿತು. ಅರಮನೆಯಲ್ಲಿರುವ ಸೊತ್ತಿನಲ್ಲಿ ಅರಸರ ಖಾಸಗಿಯದು ಯಾವುದು, ಸಂಸ್ಥಾನದ್ದು ಯಾವುದು? ಅರಸರ ಕಾಲದಲ್ಲಿ ಕೇಳಬೇಕಾಗಿಯೇ ಇರದಿದ್ದ ಪ್ರಶ್ನೆ ಅದು. ವಸ್ತು ಕಣ್ಣೆದುರಿಗೆ ಇದ್ದರೆ ಸಾಲದು, ಅದು ಯಾರ ಹೆಸರಿನಲ್ಲಿದೆ ಎಂಬುದು ಕಾಗದದಲ್ಲಿ ಇರಬೇಕು ಎಂಬ ಹೊಸ ಕಾಲದ ಪಾಠ ಅರಮನೆಗಳಿಗೇ ಮೊದಲು ತಟ್ಟಿತು. 1971ರಲ್ಲಿ ರಾಜಧನವೂ ನಿಂತ ಮೇಲೆ ಅನೇಕ ರಾಜಮನೆತನಗಳಿಗೆ ಹಳೆಯ ಕಾರುಗಳನ್ನು ಸಾಕುವುದು ಆನೆ ಸಾಕಿದಷ್ಟೇ ಕಷ್ಟವಾಯಿತು.

ರಾಜರ ಹಳೆಯ ಕಾರುಗಳೆಂದರೆ ಎಲ್ಲರ ಬಾಯಲ್ಲೂ ಬರುವ ಒಂದು ಕತೆಯಿದೆ. ಲಂಡನ್ನಿನ ಅಂಗಡಿಯಲ್ಲಿ ಅವಮಾನವಾಯಿತೆಂದು ಅಲ್ವರಿನ ಮಹಾರಾಜರು ರೋಲ್ಸ್ ರಾಯ್ಸ್ ಕಾರುಗಳನ್ನು ಕೊಂಡು ತಂದು, ಅವುಗಳಿಗೆ ಕಸಬರಿಗೆ ಕಟ್ಟಿಸಿ ಊರಿನ ಕಸ ಗುಡಿಸಿದರಂತೆ. ಇದೇ ಕತೆಯನ್ನು ಹೈದರಾಬಾದು, ಭರತಪುರ, ಪಟಿಯಾಲಾಗಳ ಹೆಸರಿನಲ್ಲಿಯೂ ಹೇಳುತ್ತಾರೆ. ಊರೂರಿಗೆ ಹೆಸರು ಬದಲಿಸುವ ಇಂಥ ಕತೆಯನ್ನು ಇತಿಹಾಸವೆಂದು ನಂಬಬೇಕಾಗಿಲ್ಲ. ಆದರೆ ವೈಭವದ ಗಾಡಿ ಕೊನೆಗೆ ಕಸಕ್ಕೆ ಸಮನಾಗುವುದನ್ನು ಕಂಡು ಜನ ಪಡುವ ಬೆರಗು ಅದರಲ್ಲಿದೆ.

ಸಾಯಲು ಬಿಡದ ಕಾಲ

ಹಳೆಯ ಗಾಡಿಯನ್ನು ಹೇಗಾದರೂ ಓಡಿಸುವ ಛಲವನ್ನು ನಮಗೆ ಕಲಿಸಿದ್ದು ಅಭಾವ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಿತು. ಬಸ್ಸಿನ ಹಿಂದೆ ಒಲೆ ಕಟ್ಟಿ, ಇದ್ದಿಲು ಉರಿಸಿ, ಆ ಅನಿಲದಿಂದ ಎಂಜಿನ್ ಓಡಿಸಿದ 'ಇದ್ದಿಲು ಬಸ್ಸು'ಗಳ ನೆನಪು ಹಿರಿಯರಲ್ಲಿ ಬಹುಕಾಲ ಉಳಿದಿತ್ತು. ಹೊಸ ಗಾಡಿಯೂ ಇಲ್ಲ, ಬಿಡಿಭಾಗಗಳೂ ಇಲ್ಲ ಎಂಬ ಸ್ಥಿತಿಯಲ್ಲಿ ಇದ್ದುದನ್ನೇ ಬಾಳಿಸುವುದು ಅನಿವಾರ್ಯವಾಗಿತ್ತು.

ಸ್ವಾತಂತ್ರ್ಯದ ನಂತರವೂ ಆ ಅಭಾವ ಬೇರೆ ರೂಪದಲ್ಲಿ ಮುಂದುವರಿಯಿತು. ಹಿಂದೂಸ್ತಾನ್ ಮೋಟಾರ್ಸ್‌ನ ಅಂಬಾಸಿಡರ್, ಪ್ರೀಮಿಯರ್ ಕಂಪನಿಯ ಫಿಯೆಟ್, ಸ್ಟ್ಯಾಂಡರ್ಡ್ ಕಂಪನಿಯ ಹೆರಾಲ್ಡ್, ಇವಿಷ್ಟೇ ಸಾಮಾನ್ಯ ಭಾರತೀಯ ಕಾಣಬಹುದಾಗಿದ್ದ ಹೊಸ ಕಾರುಗಳು. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಹೀಗಾಗಿ ಹಳೆಯ ಕಾರಿನ ಬೆಲೆ ಇಳಿಯುತ್ತಲೇ ಇರಲಿಲ್ಲ. ಡಾಕ್ಟರು ಕೊಂಡ ಫಿಯೆಟ್ ಹತ್ತು ವರ್ಷದ ಮೇಲೆ ವಕೀಲರ ಮನೆಗೆ, ಇನ್ನು ಹತ್ತು ವರ್ಷದ ಮೇಲೆ ಬಾಡಿಗೆ ಓಡಿಸುವವನ ಕೈಗೆ ಹೋಗುತ್ತಿತ್ತು. ಎಂಜಿನ್ ಸವೆದರೆ ಬೋರ್ ಮಾಡಿಸಿ ಪಿಸ್ಟನ್ ಬದಲಿಸಿದರು, ತಳದ ತಗಡು ತೂತಾದರೆ ಬೆಸುಗೆ ಹಾಕಿಸಿದರು. ಪೆಟ್ರೋಲ್ ತುಟ್ಟಿಯಾದಾಗ ಅಂಬಾಸಿಡರಿಗೆ ಮೆಟಡಾರ್ ವ್ಯಾನಿನ ಡೀಸೆಲ್ ಎಂಜಿನ್ ಕೂರಿಸಿದವರೂ ಉಂಟು. ಹಾಗೆ ನೋಡಿದರೆ ಇಪ್ಪತ್ತು ವರ್ಷ ಓಡಿದ ಕಾರಿನಲ್ಲಿ ಕಾರ್ಖಾನೆಯಿಂದ ಬಂದದ್ದು ಎಷ್ಟು, ಮಿಸ್ತ್ರಿಯ ಕೈಯಿಂದ ಬಂದದ್ದು ಎಷ್ಟು ಎಂದು ಹೇಳುವುದೇ ಕಷ್ಟವಾಗಿತ್ತು.

ಸತ್ತ ಮೇಲಿನ ಬದುಕು

ಅಂಥ ಕಾರು ಕೊನೆಗೂ ನಿಂತುಹೋದರೆ ಅದರ ಒಂದು ತುಣುಕೂ ವ್ಯರ್ಥವಾಗುತ್ತಿರಲಿಲ್ಲ. ಆನೆ ಇದ್ದರೂ ಸಾವಿರ ಹೊನ್ನು, ಸತ್ತರೂ ಸಾವಿರ ಹೊನ್ನು ಎಂಬ ಗಾದೆ ಕಾರಿಗೂ ಒಪ್ಪುವಂತಿತ್ತು. ಕಮಾನು ಪಟ್ಟಿಗಳು ಒಳ್ಳೆಯ ಉಕ್ಕಿನವು. ಅವನ್ನು ಕುಲುಮೆಯಲ್ಲಿ ಕಾಯಿಸಿ ಬಡಿದರೆ ಕೊಡಲಿ, ಕುಡಗೋಲು, ಕುಂಟೆಯ ಕುಡ ಆಗುತ್ತವೆ. ಹಳ್ಳಿಯ ಕಮ್ಮಾರನಿಗೆ ಅದಕ್ಕಿಂತ ಒಳ್ಳೆಯ ಕಚ್ಚಾವಸ್ತು ಸಿಗುವುದಿಲ್ಲ. ಮರದ ಗಾಲಿಯ ಚಕ್ಕಡಿಗೆ ಬದಲಾಗಿ ಟೈರಿನ ಗಾಡಿ ಬಂದ ಮೇಲೆ ಹಳೆಯ ಅಚ್ಚು ಮತ್ತು ಟೈರುಗಳಿಗೆ ಹೊಸ ಬೇಡಿಕೆ ಹುಟ್ಟಿತು. ಕಬ್ಬು ಹೇರಿಕೊಂಡು ಸಕ್ಕರೆ ಕಾರ್ಖಾನೆಯ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದ ಎತ್ತಿನ ಗಾಡಿಗಳನ್ನು ನೋಡಿದವರಿಗೆ ಇದು ಗೊತ್ತಿರುವ ಮಾತೇ. ಇನ್ನೂ ಸವೆದ ಟೈರು ಚಪ್ಪಲಿಯಾಯಿತು, ಗಾರೆ ಹೊರುವ ಬುಟ್ಟಿಯಾಯಿತು. ಒಳಗಿನ ಟ್ಯೂಬು ಕಟ್ಟಿಕೊಂಡು ಬಾವಿಯಲ್ಲಿ, ಹೊಳೆಯಲ್ಲಿ ಈಜು ಕಲಿತ ಮಕ್ಕಳಿಗೆ ಲೆಕ್ಕವಿಲ್ಲ.

ಎಂಜಿನ್ನಿನ ಬ್ಲಾಕಿನ ಪಯಣ ಇನ್ನೂ ದೂರದ್ದು. ಹಳೆಯ ಕಾರುಗಳಲ್ಲಿ ಅದು ಬೀಡುಕಬ್ಬಿಣದ್ದು. ಈ ಸೀಮೆಯ ಪಶ್ಚಿಮಕ್ಕೆ ಬೆಳಗಾವಿ ಮತ್ತು ಕೊಲ್ಹಾಪುರಗಳಲ್ಲಿ ಎರಕದ ಕಾರ್ಖಾನೆಗಳು ಬೆಳೆದಿವೆ. ಅವುಗಳ ಕುಲುಮೆಗೆ ಒಡೆದ ಬೀಡು ಬೇಕೇ ಬೇಕು. ಅಲ್ಲಿ ಕರಗಿದ ಕಬ್ಬಿಣ ಪಂಪಿನ ಕವಚವಾಗಿ ಇಲ್ಲವೇ ಮತ್ತೊಂದು ವಾಹನದ ಭಾಗವಾಗಿ ಹೊರಬರುತ್ತದೆ. ಒಂದು ಕಾರಿನ ತೂಕದಲ್ಲಿ ಸುಮಾರು ಮೂರನೆಯ ಎರಡು ಭಾಗ ಕಬ್ಬಿಣ ಮತ್ತು ಉಕ್ಕು. ಕಬ್ಬಿಣಕ್ಕೆ ಮರುಹುಟ್ಟು ಉಂಟು, ಅದಕ್ಕೆ ಯಾವ ನೀತಿಯೂ ಬರುವ ತನಕ ಕಾಯಬೇಕಾಗಿರಲಿಲ್ಲ.

ಈ ಸೀಮೆಗೆ ಬಿಚ್ಚುವ ಕೆಲಸ ಅಪರಿಚಿತವೂ ಅಲ್ಲ. ಆಲಮಟ್ಟಿಯ ಹಿನ್ನೀರು ಏರಿ ಬರುವಾಗ ಬೀಳಗಿ ತಾಲ್ಲೂಕಿನ ಮುಳುಗಡೆಯ ಜನ ತಮ್ಮ ಮನೆಯ ಬಾಗಿಲು, ಕಿಟಕಿ, ತೊಲೆಗಳನ್ನು ಬಿಚ್ಚಿ ಹೊಸ ಊರಿಗೆ ಸಾಗಿಸಿದರು. ರಬಕವಿ-ಬನಹಟ್ಟಿಯಂಥ ನೇಕಾರರ ಪಟ್ಟಣಗಳಿಗೆ ಹಳೆಯ ಯಂತ್ರ ಕೊಳ್ಳುವುದೂ ತೂಕಕ್ಕೆ ಮಾರುವುದೂ ಹೊಸದಲ್ಲ. ಬಿಚ್ಚಿದ ಮೇಲೂ ಬೆಲೆ ಉಳಿಯುತ್ತದೆ ಎಂಬುದನ್ನು ಇಲ್ಲಿನವರಿಗೆ ಯಾರೂ ಕಲಿಸಬೇಕಾಗಿಲ್ಲ.

ದುರಸ್ತಿ ಲಾಭವಲ್ಲದ ಗೆರೆ

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಿತು. 1991ರ ನಂತರ ಆರ್ಥಿಕ ನೀತಿ ಬದಲಾಗಿ ಹೊಸ ಕಂಪನಿಗಳು ಬಂದವು, ಬ್ಯಾಂಕಿನ ಸಾಲ ಸುಲಭವಾಯಿತು. ಹೊಸ ಕಾರು ಕೈಗೆಟುಕುತ್ತಿದ್ದಂತೆ ಹಳೆಯದರ ಬೆಲೆ ಕುಸಿಯಿತು. 2000ದ ಹೊತ್ತಿಗೆ ಸೀಸ ಬೆರೆತ ಪೆಟ್ರೋಲ್ ದೇಶದಿಂದ ಮರೆಯಾಯಿತು. ಅಂಬಾಸಿಡರ್ ಮತ್ತು ಮಾರುತಿ 800, ಎರಡರ ತಯಾರಿಕೆಯೂ 2014ರಲ್ಲಿ ನಿಂತಿತು. ಹೊಸ ಕಾರುಗಳಲ್ಲಿ ಸುತ್ತಿಗೆ-ಸ್ಪ್ಯಾನರಿಗಿಂತ ಸೆನ್ಸರು, ಸರ್ಕ್ಯೂಟುಗಳದ್ದೇ ದರ್ಬಾರು. ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ ಕೆಟ್ಟರೆ ಅದರ ಬೆಲೆಯೇ ಹಳೆಯ ಕಾರಿನ ಬೆಲೆಯನ್ನು ಮೀರುವುದುಂಟು. ಮಿಸ್ತ್ರಿಯ ಕೈಚಳಕಕ್ಕೆ ಅಲ್ಲಿ ಎಡೆ ಕಡಿಮೆ.

ದುರಸ್ತಿ ಯಾವಾಗ ಲಾಭವಲ್ಲ ಎಂಬುದಕ್ಕೆ ವಿಮೆಯವರು ಒಂದು ಗೆರೆ ಎಳೆದಿದ್ದಾರೆ. ದುರಸ್ತಿಯ ಖರ್ಚು ಗಾಡಿಯ ವಿಮಾ ಮೌಲ್ಯದ ಶೇಕಡಾ 75ನ್ನು ಮೀರಿದರೆ ಅದು ಪೂರ್ಣ ನಷ್ಟ. ಆ ಮೌಲ್ಯವೂ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ನಾಲ್ಕು ವರ್ಷ ಮೀರಿ ಐದರೊಳಗಿನ ಕಾರಿಗೆ ಸವಕಳಿ ಶೇಕಡಾ 50. ಐದು ವರ್ಷ ಮೀರಿದರೆ ಕಂಪನಿ ಮತ್ತು ಒಡೆಯ ಮಾತಾಡಿಕೊಂಡು ನಿರ್ಧರಿಸಬೇಕು. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ ನದಿಗಳು ಉಕ್ಕಿ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಯ ತೀರದ ಊರುಗಳಿಗೆ ನುಗ್ಗಿದವು. ಅಂಥ ನೆರೆಯಲ್ಲಿ ಎಂಜಿನ್ನಿನೊಳಗೆ ಕೆಸರುನೀರು ಹೋದ ಕಾರು ನೋಡಲು ಇಡಿಯಾಗಿ ಕಂಡರೂ ಲೆಕ್ಕದಲ್ಲಿ ಈ ಗೆರೆಯ ಆಚೆಗೇ ಬೀಳುತ್ತದೆ.

ಹೆಸರಿನ ಸಾವು

ಈಗ ಕಾಗದದ ಮಾತು. ಗಾಡಿಯೊಂದು ನಾಶವಾದರೆ, ಇಲ್ಲವೇ ಶಾಶ್ವತವಾಗಿ ಬಳಸಲಾಗದಂತಾದರೆ, ಒಡೆಯನು ಹದಿನಾಲ್ಕು ದಿನಗಳೊಳಗೆ ಅಥವಾ ಆದಷ್ಟು ಬೇಗ ನೋಂದಣಿ ಅಧಿಕಾರಿಗೆ ತಿಳಿಸಿ, ನೋಂದಣಿ ಪತ್ರವನ್ನು ಒಪ್ಪಿಸಬೇಕು. 1988ರ ಮೋಟಾರು ವಾಹನ ಕಾಯ್ದೆಯ 55ನೆಯ ಕಲಮು ಹೇಳುವುದು ಇದನ್ನೇ. ಮಾರಿದರೂ ಹಾಗೆಯೇ. ಅದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವನು ಹದಿನಾಲ್ಕು ದಿನಗಳೊಳಗೆ ತಿಳಿಸಬೇಕೆಂದು 50ನೆಯ ಕಲಮಿನಲ್ಲಿದೆ. ವ್ಯಕ್ತಿ ಸತ್ತರೆ ಮರಣಪತ್ರ ಇದ್ದಂತೆ ಗಾಡಿಗೂ ಒಂದು ಮರಣಪತ್ರ ಬೇಕು ಎಂಬುದು ಕಾಯ್ದೆಯ ಆಶಯ.

ಆಚರಣೆಯಲ್ಲಿ ಆಗುವುದೇ ಬೇರೆ. ಕೊಳ್ಳುವವನು ಹಣ ಎಣಿಸುತ್ತಾನೆ, ಮಾರುವವನು 29 ಮತ್ತು 30ನೆಯ ನಮೂನೆಗಳ ಖಾಲಿ ಹಾಳೆಗಳಿಗೆ ಸಹಿ ಹಾಕಿ ಕೊಡುತ್ತಾನೆ. ಆ ಹಾಳೆಗಳನ್ನು ತುಂಬುವ ದಿನ ಬರುವುದೇ ಇಲ್ಲ. ಗಾಡಿ ಮೂರು ಕೈ ದಾಟುತ್ತದೆ, ಹೆಸರು ಮೊದಲಿನವನದೇ ಇರುತ್ತದೆ. ಇದರ ಬೆಲೆ ಎಷ್ಟೆಂಬುದನ್ನು 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಅಲ್ಲಿ ಗಾಡಿ ಒಬ್ಬರಿಂದ ಒಬ್ಬರಿಗೆ ಹಲವು ಬಾರಿ ಮಾರಾಟವಾಗಿತ್ತು. ಅಪಘಾತ ನಡೆದಾಗ ನೋಂದಣಿ ಪುಸ್ತಕದಲ್ಲಿದ್ದದ್ದು ಮೊದಲಿನವನ ಹೆಸರು. ಕಾನೂನಿನ ದೃಷ್ಟಿಯಲ್ಲಿ ಒಡೆಯನೆಂದರೆ ನೋಂದಣಿಯಲ್ಲಿ ಹೆಸರಿರುವವನು, ಪರಿಹಾರದ ಹೊಣೆ ಅವನದೇ ಎಂದು ನ್ಯಾಯಾಲಯ ಹೇಳಿತು. ಸಂತ್ರಸ್ತರು ಗಾಡಿಯ ಕೈಬದಲಿನ ಜಾಡು ಹಿಡಿದು ಊರೂರು ಅಲೆಯಬಾರದು ಎಂಬುದು ಅದರ ಹಿಂದಿನ ನ್ಯಾಯ.

ಭಂಗಾರಕ್ಕೆ ಹೋದ ಗಾಡಿಯಲ್ಲಿ ಇನ್ನೊಂದು ಅಪಾಯವೂ ಇದೆ. ಚಾಸಿ ನಂಬರು, ನಂಬರ್ ಫಲಕ, ಕಾಗದಪತ್ರ ಮೂರೂ ಒಟ್ಟಿಗೆ ಕೈಗೆ ಸಿಕ್ಕರೆ ಕದ್ದ ಗಾಡಿಗೆ ಸತ್ತ ಗಾಡಿಯ ವೇಷ ತೊಡಿಸುವುದು ಕಷ್ಟವಲ್ಲ. ಆಗ ಪೊಲೀಸರು ಮೊದಲು ಬಾಗಿಲು ತಟ್ಟುವುದು ಹಳೆಯ ಒಡೆಯನ ಮನೆಯದನ್ನೇ.

ಹೊಸ ನೀತಿ, ಹಳೆಯ ರೂಢಿ

ಈ ಎಲ್ಲಕ್ಕೂ ಒಂದು ಕ್ರಮ ತರುವ ಯತ್ನವಾಗಿ 2021ರ ಆಗಸ್ಟ್ 13ರಂದು ಕೇಂದ್ರ ಸರ್ಕಾರ ವಾಹನ ಗುಜರಿ ನೀತಿಗೆ ಚಾಲನೆ ನೀಡಿತು. ಯುರೋಪಿನಲ್ಲಿ ಇಂಥ ನಿರ್ದೇಶನ ಬಂದದ್ದು 2000ದಲ್ಲಿ. ಜರ್ಮನಿ, ಅಮೆರಿಕಗಳು 2009ರಲ್ಲಿ ಹಳೆಯ ಕಾರು ಒಪ್ಪಿಸಿದವರಿಗೆ ಹಣವನ್ನೇ ಕೊಟ್ಟವು. ನಮ್ಮಲ್ಲಿ ಸರ್ಕಾರದ ನೋಂದಣಿ ಪಡೆದ ಕೇಂದ್ರಕ್ಕೆ ಗಾಡಿ ಒಪ್ಪಿಸಿದರೆ ಒಂದು ಠೇವಣಿ ಪ್ರಮಾಣಪತ್ರ ಸಿಗುತ್ತದೆ. ಅದನ್ನು ತೋರಿಸಿ ಹೊಸ ಖಾಸಗಿ ಗಾಡಿ ಕೊಂಡರೆ ಮೋಟಾರು ತೆರಿಗೆಯಲ್ಲಿ ಶೇಕಡಾ 25ರವರೆಗೆ ರಿಯಾಯಿತಿ ಕೊಡಲು ರಾಜ್ಯಗಳಿಗೆ ಅವಕಾಶವಿದೆ. ಗಾಡಿ ಕಳವಿನದಲ್ಲವೆಂದು ಅಪರಾಧ ದಾಖಲೆಗಳಲ್ಲಿ ಪರಿಶೀಲಿಸಿಯೇ ಬಿಚ್ಚಬೇಕು. ಗಾಡಿ ಎಲ್ಲಿ ನೋಂದಣಿಯಾಗಿದ್ದರೂ ದೇಶದ ಯಾವ ಕೇಂದ್ರಕ್ಕಾದರೂ ಒಪ್ಪಿಸಬಹುದು. ಕೆಎ-48 ಫಲಕದ ಜಮಖಂಡಿಯ ಗಾಡಿಯಾಗಲಿ ಕೆಎ-29 ಫಲಕದ ಬಾಗಲಕೋಟೆಯ ಗಾಡಿಯಾಗಲಿ, ಮಹಾರಾಷ್ಟ್ರದ ಕೇಂದ್ರ ಹತ್ತಿರವಾದರೆ ಅಲ್ಲಿಗೇ ಹೋಗಬಹುದು. ಗಡಿಸೀಮೆಯವರಿಗೆ ಇದು ಅನುಕೂಲದ ಮಾತು.

ಹದಿನೈದು ವರ್ಷವಾದ ಕಾರನ್ನೆಲ್ಲ ಮುರಿಯಲೇಬೇಕು ಎಂಬ ಭಯ ಜನರಲ್ಲಿದೆ. ಅದು ದೆಹಲಿಯ ಸುತ್ತಿನ ಆದೇಶಗಳಿಂದ ಹಬ್ಬಿದ ಭಯ. ಕರ್ನಾಟಕದಲ್ಲಿ ಖಾಸಗಿ ಕಾರು ಯೋಗ್ಯತಾ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬಹುದು. ಶುಲ್ಕ ಮಾತ್ರ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. ಸರ್ಕಾರಿ ಗಾಡಿಗಳಿಗೆ ಈ ಅವಕಾಶವಿಲ್ಲ. 2023ರ ಏಪ್ರಿಲ್‌ನಿಂದ ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ ನಿಂತಿದೆ. ಐವತ್ತು ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ಗಾಡಿಗೆ ಮರ್ಯಾದೆಯ ಬೇರೆ ದಾರಿಯೇ ಇದೆ. 2021ರ ಜುಲೈಯಲ್ಲಿ ಬಂದ ನಿಯಮದಂತೆ ಅಂಥವನ್ನು 'ವಿಎ' ಅಕ್ಷರಗಳ ಪ್ರತ್ಯೇಕ ಸಾಲಿನಲ್ಲಿ ನೋಂದಾಯಿಸಬಹುದು. ಅಜ್ಜನ ಕಾಲದ ಕಾರನ್ನು ತೂಕಕ್ಕೆ ಹಾಕುವ ಮುನ್ನ ಇದನ್ನು ಯೋಚಿಸುವುದು ಒಳ್ಳೆಯದು.

ಮುರಿಯುವವರ ಪಾಡು

ಕಾಗದದ ಹೊಣೆ ಒಡೆಯನಿಗೆ ಸೇರಿದ್ದಾದರೆ ವಿಷದ ಹೊಣೆ ಮುರಿಯುವವನ ಮೈಮೇಲೆ ಬೀಳುತ್ತದೆ. ಬ್ಯಾಟರಿಯೊಳಗೆ ಸೀಸ ಮತ್ತು ಗಂಧಕಾಮ್ಲ, ಎಂಜಿನ್ನಿನಲ್ಲಿ ಲೀಟರುಗಟ್ಟಲೆ ಸುಟ್ಟ ಎಣ್ಣೆ, ಬ್ರೇಕಿನ ದ್ರವ, ಎ.ಸಿ.ಯ ಅನಿಲ. ಇವನ್ನು ಮೊದಲು ಬೇರೆಬೇರೆಯಾಗಿ ತೆಗೆದು ನಂತರ ಕತ್ತರಿಸುವುದು ಕ್ರಮ. ಬಯಲಿನಲ್ಲಿ ಬರಿಗೈಯಿಂದ ಕೆಲಸ ಮಾಡುವಲ್ಲಿ ಎಣ್ಣೆ ಮಣ್ಣಿಗೆ ಹೋಗುತ್ತದೆ, ತಾಮ್ರಕ್ಕಾಗಿ ಸುಟ್ಟ ತಂತಿಯ ಹೊಗೆ ಕೆಲಸಗಾರನ ಎದೆಗೆ ಹೋಗುತ್ತದೆ. ಸೀಸ ಮಕ್ಕಳ ಮಿದುಳಿಗೆ ಮಾಡುವ ಹಾನಿ ವೈದ್ಯಲೋಕಕ್ಕೆ ಚೆನ್ನಾಗಿ ಗೊತ್ತಿದೆ. 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮಗಳು ಆಯುಷ್ಯ ಮುಗಿದ ಗಾಡಿಗಳ ಹೊಣೆಯಲ್ಲಿ ತಯಾರಕರಿಗೂ ಪಾಲು ಕೊಟ್ಟಿವೆ. ಇದು ಸರಿಯಾದ ಹೆಜ್ಜೆ. ಆದರೆ ತಲೆಮಾರುಗಳಿಂದ ಈ ಕೆಲಸ ಮಾಡಿಕೊಂಡು ಬಂದ ಭಂಗಾರದ ಅಂಗಡಿಯವರನ್ನು ಹೊರಗಿಟ್ಟರೆ ನೀತಿ ದೊಡ್ಡ ಊರುಗಳಲ್ಲೇ ಉಳಿದೀತು. ಅವರ ಕೈಯಲ್ಲಿರುವ ವಿದ್ಯೆಗೆ ಕೈಗವಸನ್ನೂ ಲೈಸೆನ್ಸನ್ನೂ ಜೋಡಿಸುವುದು ಆಗಬೇಕಾದ ಕೆಲಸ.

ಒಡೆಯನಾದವನು ಮಾಡಬೇಕಾದದ್ದು ಹೆಚ್ಚೇನಿಲ್ಲ. ಕಾರಿನ ಮೇಲೆ ಬ್ಯಾಂಕಿನ ಸಾಲದ ನಮೂದಿದ್ದರೆ ಮೊದಲು ಅದನ್ನು ತೆಗೆಸಬೇಕು. ನೋಂದಾಯಿತ ಕೇಂದ್ರ ಎಲ್ಲಿದೆಯೆಂದು ಸಾರಿಗೆ ಕಚೇರಿಯಲ್ಲಿ ವಿಚಾರಿಸಬೇಕು. ಖಾಲಿ ನಮೂನೆಗೆ ಎಂದೂ ಸಹಿ ಹಾಕಬಾರದು. ವಿಮೆ ಮತ್ತು ಫಾಸ್ಟ್ಯಾಗ್ ಮುಚ್ಚಿಸಬೇಕು. ಕೊನೆಯಲ್ಲಿ, ನೋಂದಣಿ ರದ್ದಾದ ಪತ್ರವನ್ನು ಕೇಳಿ ಪಡೆದು ಮನೆಯ ಕಾಗದಪತ್ರಗಳ ಜೊತೆ ಇಟ್ಟುಕೊಳ್ಳಬೇಕು. ಬೇವಿನ ಮರದ ಕೆಳಗಿನ ಕಾರು ಕಣ್ಮರೆಯಾದ ದಿನ ಕೆಲಸ ಮುಗಿಯಿತೆಂದು ತಿಳಿಯುವ ರೂಢಿ ಹೋಗಬೇಕು. ಆ ಪತ್ರ ಕೈಗೆ ಬಂದ ದಿನವೇ ಅದು ಮುಗಿಯುವುದು.